ತಿಕೀಟಿನ ಕುಸ್ತಿಯಿಂದ ನಾನು ಗರಡಿಗೆ ತಂದದ್ದು

ಇವತ್ತು ನಸುಕಿನಲ್ಲಿ ಎದ್ದು ಎಮ್ಮೆ ಹಿಂಡಿದೆ. ಸಗಣಿ ಬಳಿದು ತಿಪ್ಪೆಗೆ ಹಾಕಿದೆ. ಬಾವಿಯಿಂದ ನಾಲ್ಕು ಕೊಡ ನೀರು ತಂದೆ. ಐದನೆಯದಕ್ಕೆ ಮೊಣಕಾಲು ಒಪ್ಪಲಿಲ್ಲ. ಕುಡುಗೋಲಿನ ಹಿಡಿ ಸಡಿಲವಾಗಿತ್ತು, ಬಿಗಿ ಮಾಡಿದೆ. ನಮ್ಮಾಕಿ ಗಂಗವ್ವ ಜೋಳ ಹಸನು ಮಾಡುತ್ತಿದ್ದಳು, ಅವಳೆದುರು ಕುಳಿತು ಒಂದಿಷ್ಟು ಕಲ್ಲು ಆರಿಸಿಕೊಟ್ಟೆ. ಹುಣಸೆಹಣ್ಣು ಬಿಸಿಲಿಗೆ ಹರವಿದೆ. ಇಷ್ಟೆಲ್ಲ ಮುಗಿದರೂ ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ. ಗರಡಿ ಬಿಟ್ಟ ಮೇಲೆ ಮುಂಜಾನೆಗಳು ಉದ್ದವಾಗಿವೆ.

ಯಲಬುರ್ಗಿಯ ಗರಡಿಯಲ್ಲಿ ಹದಿನೆಂಟು ವರ್ಷ ವಸ್ತಾದನಾಗಿದ್ದೆ. ಅಂದರೆ ಹುಡುಗರಿಗೆ ಕುಸ್ತಿ ಕಲಿಸುವವನು. ಈಗ ವಯಸ್ಸು ಐವತ್ತೆರಡು. ಮೊಣಕಾಲು ಹೋದ ವರ್ಷ ಕೈಕೊಟ್ಟವು. ನನ್ನ ಜಾಗಕ್ಕೆ ವಿರೂಪಣ್ಣ ಬಂದಿದ್ದಾನೆ, ಗಟ್ಟಿ ಆಳು. ಹೋದ ವಾರ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಅಂದ:

“ವಸ್ತಾದರ, ಪಟ್ಟು ನನಗ ಬರ್ತಾವ. ಹುಡುಗರನ್ನ ನಡಸೋದು ಬರವಲ್ದು. ತಿಕೀಟಿನ ಕುಸ್ತಿ ನೋಡಿ ಬಂದ್ರಂದ್ರ ಎರಡ ದಿನ ಬರೇ ಗುದ್ದಾಟ. ನೀವು ಹೆಂಗ ಮಾಡ್ತಿದ್ರಿ? ಬರದ ಕೊಡ್ರಿ.”

“ನಾನೂ ಛಲೋ ಮಾಡಿಲ್ಲೋ ತಮ್ಮಾ,” ಅಂದೆ.

“ಅದನ್ನ ಬರೀರಿ,” ಅಂದ.

ಅದಕ್ಕೆ ಬರೆಯಲು ಕುಳಿತಿದ್ದೇನೆ. ಅಕ್ಷರ ನನಗೆ ಊರ ಮಠದ ಐನೋರು ಕಲಿಸಿದವು. ನಿಜಾಮ ಸರ್ಕಾರದ ಉರ್ದು ಸಾಲಿಗೆ ನಾನು ಹೋಗಲಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

ಕುಸ್ತಿ ಕಲಿಸುವವನ ಕೆಲಸ ಕುಸ್ತಿ ಅಂತ ಹೊರಗಿನವರು ತಿಳಿದಿರುತ್ತಾರೆ. ಮುಕ್ಕಾಲು ಪಾಲು ಕೆಲಸ ಮಣ್ಣಿನದು. ನಮ್ಮೂರಿನದು ಎರೆ ಭೂಮಿ. ಎರೆಮಣ್ಣು ಹಸಿಯಾದರೆ ಮೈಗೆ ಮೆತ್ತುತ್ತದೆ, ಒಣಗಿದರೆ ಹೆಂಟೆಯಾಗಿ ಬೆನ್ನು ಸೀಳುತ್ತದೆ. ಅದರ ಮೇಲೆ ಒಬ್ಬನನ್ನು ಕೆಡವಿದರೆ ಅವನು ಏಳುವುದು ಕಷ್ಟ. ವರ್ಷಕ್ಕೊಮ್ಮೆ ಕುಷ್ಟಗಿ ಕಡೆಯಿಂದ ಬಂಡಿಯಲ್ಲಿ ಮಸಾರಿ ಮಣ್ಣು ತರಿಸಬೇಕು, ಕೆಂಪು ಮಣ್ಣು. ಅದನ್ನು ಮೂರು ಸಲ ಸಾಣಿಸಬೇಕು. ಎಳ್ಳೆಣ್ಣೆ, ಹುಳಿಮಜ್ಜಿಗೆ, ನಿಂಬೆರಸ, ಅರಿಷಿಣ ಹಾಕಿ ಕಾಲಿನಿಂದ ತುಳಿದು ಹದ ಮಾಡಬೇಕು. ಆಮೇಲೆ ದಿನಾಲೂ ಬೆಳಕು ಹರಿಯುವುದರೊಳಗೆ ಕಣವನ್ನು ಪೂರಾ ಅಗೆಯಬೇಕು. ಬರಿಗಾಲು ಇಟ್ಟರೆ ಹಿಮ್ಮಡಿ ತಂಪಿನೊಳಗೆ ಇಳಿಯಬೇಕು, ಅದು ಗುರುತು.

ಮೊದಲ ವರ್ಷವೇ ನಾನೊಂದು ಎಡವಟ್ಟು ಮಾಡಿದೆ. ಸಂತೆಯಲ್ಲಿ ಅರಿಷಿಣ ಪುಡಿ ಕೊಂಡೆ. ಅಂಗಡಿಯವನು ಖಾರಪುಡಿ ಅಳೆದ ಸೇರಿನಿಂದಲೇ ಅದನ್ನೂ ಅಳೆದಿದ್ದ, ನಾನು ನೋಡಲಿಲ್ಲ. ಮರುದಿನ ಹನ್ನೊಂದು ಮಂದಿ ಹುಡುಗರು ಬರೀ ಲಂಗೋಟಿಯಲ್ಲಿ ಗರಡಿಯಿಂದ ಬಾವಿಯವರೆಗೆ ಓಡಿದರು. ನೀರು ಸೇದುತ್ತಿದ್ದ ಹೆಣ್ಣುಮಕ್ಕಳು ಕೊಡ ಬಿಟ್ಟು ಓಡಿದರು. ಅದರಲ್ಲಿ ಗಂಗವ್ವನೂ ಇದ್ದಳು. “ಗರಡಿಯೊಳಗ ಕುಸ್ತಿ ಕಲಸ್ತೀರೋ, ಮೆಣಸಿನಕಾಯಿ ಭಜಿ ಕರೀತೀರೋ?” ಅಂತ ತಿಂಗಳುಗಟ್ಟಲೆ ಕಾಡಿದಳು. ಅಂದಿನಿಂದ ಏನು ತಂದರೂ ಮೊದಲು ನನ್ನ ಕಣ್ಣ ಕೆಳಗೆ ಒಂದಿಷ್ಟು ಹಚ್ಚಿಕೊಂಡು ನೋಡಿಯೇ ಮಣ್ಣಿಗೆ ಹಾಕುತ್ತಿದ್ದೆ.

ನನಗೆ ಕಲಿಸಿದವರು ಇಮಾಮಸಾಬ ವಸ್ತಾದರು. ಗರಡಿಯ ಹಣಮಪ್ಪನ ಮುಂದಿನ ದೀಪಕ್ಕೆ ಎಣ್ಣೆ ಅವರ ಮನೆಯಿಂದಲೇ ಬರುತ್ತಿತ್ತು. ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಬೇವಿನ ಕಡ್ಡಿ ಜಗಿಯುತ್ತ ಕೂತಿರುತ್ತಿದ್ದರು. ಕಡ್ಡಿ ಬಾಯಿಂದ ತೆಗೆದರೆ ಇಡೀ ಗರಡಿ ನಿಲ್ಲುತ್ತಿತ್ತು. ಇಬ್ಬರನ್ನು ಜೋಡಿ ಕಟ್ಟುವ ಮುಂಚೆ ಅವರದೊಂದು ಪದ್ಧತಿ ಇತ್ತು. ಒಬ್ಬನು ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು ಕಣದ ಸುತ್ತ ಮೂರು ಸುತ್ತು ಹಾಕಬೇಕು, ಆಮೇಲೆ ಮೇಲಿದ್ದವನು ಇಳಿದು ತನ್ನನ್ನು ಹೊತ್ತವನನ್ನು ಹೊರಬೇಕು.

“ಹೊತ್ತ ಮೈ ಇದ್ರ ಕೆಡವಾಕ ಸುಲಭ ಆಗ್ತೈತಿ. ಕೆಡವಿದಾಗ ಹೆಂಗ ಇಳಸಬೇಕನ್ನೂದೂ ಕೈಗೆ ಗೊತ್ತಾಗ್ತೈತಿ,” ಅನ್ನುತ್ತಿದ್ದರು.

ಹಾಗೆ ಹೊರಿಸಿ ನಾನು ಕಟ್ಟಿದ ಜೋಡಿಗಳಲ್ಲಿ ಫಕೀರಪ್ಪ-ಯಮನಪ್ಪರಂಥದು ಮತ್ತೊಂದಿಲ್ಲ. ಫಕೀರಪ್ಪ ಕುರುಬರ ಹುಡುಗ. ಕುರಿಮರಿ ಎತ್ತಿಕೊಳ್ಳುವಂತೆ ಎದುರಾಳಿಯ ಸೊಂಟಕ್ಕೆ ಕೈ ಹಾಕುತ್ತಿದ್ದ, ಮೆತ್ತಗೆ. ಬಿದ್ದವನಿಗೆ ತಾನು ಬಿದ್ದದ್ದು ಆಕಾಶ ಕಂಡ ಮೇಲೆ ತಿಳಿಯುತ್ತಿತ್ತು. ಯಮನಪ್ಪ ಕಲ್ಲು ಒಡೆಯುವವರ ಮಗ. ತೋಳು ಕಬ್ಬಿಣ, ಸಿಟ್ಟು ಮೂಗಿನ ತುದಿಯಲ್ಲಿ, ಹೊಟ್ಟೆಯಲ್ಲಿ ಮಾತ್ರ ಏನೂ ಇಟ್ಟುಕೊಳ್ಳುವವನಲ್ಲ. ಇಬ್ಬರಿಗೂ ಹದಿನೇಳು-ಹದಿನೆಂಟು. ಒಬ್ಬ ಬಾರದ ದಿನ ಇನ್ನೊಬ್ಬ ಯಾರ ಜೊತೆಗೂ ಹಿಡಿಯುತ್ತಿರಲಿಲ್ಲ; ಕಂಬಕ್ಕೆ ಒರಗಿ ಬಾಗಿಲು ನೋಡುತ್ತಿದ್ದ.

ಆ ಮುಂಜಾನೆಗಳು ಈಗಲೂ ಕಿವಿಯಲ್ಲಿವೆ. ಗುದ್ದಲಿ ಮಣ್ಣಿಗೆ ಇಳಿಯುವ ಸಪ್ಪಳ, ಯಾರೋ ಬಸ್ಕಿ ಎಣಿಸುತ್ತ ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿ ಬೈಸಿಕೊಳ್ಳುವುದು, ಕಣಕ್ಕಿಳಿಯುವ ಮುನ್ನ ಹುಡುಗರು ತೊಡೆ ತಟ್ಟುವುದು. ಹಿಡಿಯುವ ಮುಂಚೆ ಒಬ್ಬನು ಇನ್ನೊಬ್ಬನ ಹೆಗಲಿಗೂ ತೋಳಿಗೂ ಬೊಗಸೆ ಮಣ್ಣು ಹಚ್ಚಬೇಕು. ಬೆವರಿಗೆ ಹಿಡಿತ ಜಾರಬಾರದು ಅಂತ ಈ ವಾಡಿಕೆ. ತನ್ನನ್ನು ಹಿಡಿಯಲು ಬರುವವನಿಗೆ ಹಿಡಿತ ತಾನೇ ಕೊಡುವುದು. ಈಗ ಬೆಳಿಗ್ಗೆ ಎಚ್ಚರಾದಾಗ ಸುಮ್ಮನೆ ಮಲಗಿ ಆ ಗುದ್ದಲಿಯ ಸಪ್ಪಳಕ್ಕೆ ಕಾಯುತ್ತೇನೆ. ಎಮ್ಮೆ ಕೂಗುತ್ತದೆ, ಏಳುತ್ತೇನೆ.

ತಿಕೀಟಿನ ಕುಸ್ತಿ ಬಂದದ್ದು ದೊಡ್ಡ ಲಡಾಯಿಯ ವರ್ಷಗಳಲ್ಲಿ. ಸಕ್ಕರೆ, ಸೀಮೆಎಣ್ಣೆ ಸಿಗದಿದ್ದ ಕಾಲ. ಆದರೆ ಪಟ್ಟಣದವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಗುತ್ತಿಗೆದಾರನೊಬ್ಬ ಕೊಪ್ಪಳದಲ್ಲಿ ಹತ್ತಿ ಅರೆಯುವ ಕಾರಖಾನೆಯ ಅಂಗಳ ಹಿಡಿದು ಸುತ್ತ ತಗಡು ಹೊಡೆಸಿ, ಕುಸ್ತಿ ನೋಡಲು ತಿಕೀಟು ಇಟ್ಟ. ಪೈಲ್ವಾನರು ಅವನ ಸಂಬಳದ ಆಳುಗಳು. ಜೋಡಿ ಕಟ್ಟುವಾಗ ಹೊರಿಸುವುದಿಲ್ಲ. ಹತ್ತಿ ಅಂಡಿಗೆ ತೂಗುವ ತಕ್ಕಡಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ತೂಗಿದರಾಯಿತು. ನಮ್ಮ ಕಡೆ ಒಂದು ಕುಸ್ತಿ ಹೊತ್ತು ಮುಳುಗುವವರೆಗೂ ನಡೆದದ್ದುಂಟು. ಹಿಡಿತದೊಳಗೆ ಇಬ್ಬರೂ ಸುಮ್ಮನೆ ನಿಂತಿದ್ದರೂ ಬಲ್ಲವರು ಉಸಿರು ಹಿಡಿದು ನೋಡುತ್ತಿದ್ದರು. ತಿಕೀಟು ತೆಗೆದವರಿಗೆ ಅಷ್ಟು ಸಾವಧಾನ ಎಲ್ಲಿಂದ ಬರಬೇಕು?

ನಾನು ಒಬ್ಬನೇ ನೋಡಲು ಹೋದೆ. ಕೊನೆಯ ಜೋಡಿ ಕಣಕ್ಕಿಳಿಯಿತು. ಒಬ್ಬನಿಗೆ ಸಿಡಿಲು ಸಿದ್ದ ಅಂತ ಹೆಸರಿಟ್ಟಿದ್ದರು, ಇನ್ನೊಬ್ಬ ಬೋಳುತಲೆಯ ದಢೂತಿ. ಸ್ವಲ್ಪ ಹೊತ್ತು ಹಿಡಿದರು. ಮಂದಿ ಶಿಳ್ಳೆ ಹಾಕಿದರು. ಆಗ ಸಿದ್ದ ಕೈ ಹಿಂದಕ್ಕೆ ಒಯ್ದು ಬೋಳುತಲೆಯವನ ಕಿವಿಯ ಮೇಲೆ ಫಟ್ಟನೆ ಬಾರಿಸಿದ. ತಗಡೆಲ್ಲ ಅದುರಿತು. ಬೋಳುತಲೆಯವನು ಉರುಳಿಬಿದ್ದ, ಎದ್ದ, ತಲೆಯಿಂದ ಇವನ ಎದೆಗೆ ಗುದ್ದಿದ. ತೀರ್ಪು ಹೇಳುವ ಪಂಚ ನಡುವೆ ಬಂದರೆ ಇಬ್ಬರೂ ಸೇರಿ ಅವನನ್ನೇ ನೂಕಿದರು. ಮಂದಿ ರುಮಾಲು ತೂರಿದರು. ನಾನೂ ನಿಂತಿದ್ದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ, ಮರುದಿನ ಗಂಟಲು ಮಾತ್ರ ಕಟ್ಟಿತ್ತು.

ಮರುದಿನ ಬೆಳಿಗ್ಗೆ ಭಾನಾಪುರದವರೆಗೆ ರೈಲಿಗೆ ಬಂದು ಅಲ್ಲಿಂದ ಬಂಡಿ ಹಿಡಿಯೋಣ ಅಂತ ಕೊಪ್ಪಳ ಸ್ಟೇಶನ್ನಿಗೆ ಹೋದೆ. ಬೇವಿನ ಮರದ ಕೆಳಗೆ ಸಿಡಿಲು ಸಿದ್ದ, ಬೋಳುತಲೆಯವನು ಇಬ್ಬರೂ ಕುಳಿತು ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು.

ಸಿದ್ದ ಅನ್ನುತ್ತಿದ್ದ: “ಮುಂದಿನ ಊರಾಗ ತೊಡಿ ಇನ್ನಷ್ಟ ಜೋರ ಬಡಕೋಳೋ ಮಾರಾಯ. ಹಿಂದ ಕುಂತವರಿಗೆ ಕೇಳವಲ್ದು.”

“ನಿನ್ನ ಕೈ ಹೆಗಲಿಗೆ ಬೀಳಲಿ, ಕುತಿಗಿಗಲ್ಲ. ನಿನ್ನಿ ಒಂದು ಖರೇನ ಬಿತ್ತು,” ಅಂದ ಇನ್ನೊಬ್ಬ. ಇಬ್ಬರೂ ನಕ್ಕರು. ತಟ್ಟೆಯ ಕೊನೆಯ ಮೆಣಸಿನಕಾಯಿ ಮುರಿದು ಹಂಚಿಕೊಂಡರು.

ಆಗ ಗೊತ್ತಾಯಿತು, ಪೆಟ್ಟು ಕಿವಿಗೆ ಬಿದ್ದೇ ಇರಲಿಲ್ಲ. ಕೈ ಬಟ್ಟಲು ಮಾಡಿ ಹೆಗಲ ದಪ್ಪ ಖಂಡದ ಮೇಲೆ ಬೀಳಿಸುವುದು, ಅದೇ ಗಳಿಗೆಗೆ ಪೆಟ್ಟು ತಿನ್ನುವವನು ತನ್ನ ತೊಡೆ ತಾನೇ ಬಡಿದುಕೊಳ್ಳುವುದು. ಸಪ್ಪಳ ತೊಡೆಯದು.

ಊರಿಗೆ ಬಂದೆ. ಮಣ್ಣು ಅಗೆಯುತ್ತ ಹುಡುಗರು ಕೇಳಿದರು, “ಹೆಂಗಿತ್ರಿ ವಸ್ತಾದರ?” ನಾನು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಕಣದ ನಡುವೆ ನಿಂತು ಮಾಡಿ ತೋರಿಸಿದೆ. ಕೈ ಹಿಂದಕ್ಕೆ ಒಯ್ದು ಗಾಳಿಗೆ ಬಾರಿಸಿದೆ, “ಫಟ್!” ಅಂದೆ, ಉರುಳಿಬಿದ್ದೆ, ಎದ್ದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಮತ್ತೆ ಕೇಳಿದರು, ಮತ್ತೆ ಮಾಡಿದೆ. ವಾರಗಟ್ಟಲೆ ಅದೇ ನಡೆಯಿತು. ಎಷ್ಟು ಪೆಟ್ಟು ಬಿದ್ದರೂ ಬೋಳುತಲೆಯವನು ಎದ್ದು ನಿಂತ ಅಂತ ದಿನಾ ಒಂದೊಂದು ಪೆಟ್ಟು ಹೆಚ್ಚಿಸುತ್ತ ಹೋದೆ.

ಮಂಡಕ್ಕಿಯ ತಟ್ಟೆಯ ಮಾತು ಹೇಳಲಿಲ್ಲ. ಯಾಕೆ ಅಂತ ವಿರೂಪಣ್ಣ ಕೇಳಿದರೆ ಎರಡು ಕಾರಣ. ಹೇಳಿದರೆ ಕಥೆ ಕೆಡುತ್ತಿತ್ತು. ಇನ್ನೊಂದು, ಇಮಾಮಸಾಬರ ಶಿಷ್ಯ ತೊಡೆ ಬಡಿದ ಸಪ್ಪಳಕ್ಕೆ ಮೋಸಹೋಗಿ ಎದ್ದು ನಿಂತಿದ್ದ ಅಂತ ಹುಡುಗರ ಮುಂದೆ ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಅದೇ ದಿನಗಳಲ್ಲಿ ಗಂಗಾವತಿಯ ಗರಡಿಯಿಂದ ಹೇಳಿಕೆ ಬಂತು. ಅವರ ಗಟ್ಟಿ ಪೈಲ್ವಾನನಿಗೆ ನಮ್ಮ ಫಕೀರಪ್ಪನನ್ನು ಜೋಡಿ ಕೇಳಿದ್ದರು. ನಮ್ಮ ಗರಡಿಯ ಹುಡುಗನನ್ನು ದೊಡ್ಡ ಊರಿನವರು ಹೆಸರು ಹಿಡಿದು ಕೇಳಿದ್ದು ಅದೇ ಮೊದಲು. ಫಕೀರಪ್ಪನನ್ನು ತಯಾರು ಮಾಡುವ ಕೆಲಸ ಯಮನಪ್ಪನದು. ದಿನಾ ಇಬ್ಬರೂ ನೆತ್ತಿ ಸುಡುವವರೆಗೂ ಹಿಡಿಯುತ್ತಿದ್ದರು.

ಹೋಗುವುದಕ್ಕೆ ಆರು ದಿನ ಇತ್ತು. ಫಕೀರಪ್ಪ ಅವತ್ತು ಯಮನಪ್ಪನನ್ನು ಮೇಲಿಂದ ಮೇಲೆ ಮೂರು ಸಲ ಕೆಡವಿದ. ಸುತ್ತಲಿದ್ದ ಹುಡುಗರು, “ಏಳೋ ಸಿಡಿಲು ಸಿದ್ದಾ!” ಅಂತ ಯಮನಪ್ಪನನ್ನು ಅಣಕಿಸಿದರು. ನಾನೂ ನಕ್ಕೆ. ಯಮನಪ್ಪ ಎದ್ದ, ನಗುತ್ತಲೇ ಎದ್ದ, ನಾನು ಕಂಡಿದ್ದೇನೆ. ಕೈ ಹಿಂದಕ್ಕೆ ಒಯ್ದ, ಥೇಟ್ ನಾನು ಒಯ್ದ ಹಾಗೆ. ಕಲ್ಲು ಒಡೆದ ಅಂಗೈ ಪೂರಾ ಬಿಚ್ಚಿ ಫಕೀರಪ್ಪನ ಎಡಗಿವಿಯ ಮೇಲೆ ಬಾರಿಸಿದ.

ಫಕೀರಪ್ಪ ಕೂತುಬಿಟ್ಟ. ಯಮನಪ್ಪ ಎರಡೂ ಕೈ ಅಗಲಿಸಿ ಅವನು ಏಳುವುದಕ್ಕೆ ಕಾಯುತ್ತ ನಿಂತಿದ್ದ. ಕಿವಿಯಿಂದ ರಕ್ತ ಇಳಿದು ಹೆಗಲ ಮಣ್ಣಿನಲ್ಲಿ ಗೆರೆ ಮಾಡಿದಾಗ ಯಮನಪ್ಪನ ಮುಖ ಬಿಳಿಚಿತು.

“ಅಂವ ಎದ್ದ ನಿಂತಿದ್ನಲ್ರಿ,” ಅಂದ ನನ್ನ ಕಡೆ ತಿರುಗಿ. “ಆ ಬೋಳುತಲಿಯಂವ. ಅಷ್ಟ ಪೆಟ್ಟ ಬಿದ್ರೂ ಎದ್ದ ನಿಂತ ಅಂದ್ರಿ.”

ಆಗಲಾದರೂ ತಟ್ಟೆಯ ಮಾತು ಹೇಳಬಹುದಿತ್ತು. ನಾನು ಮಾಡಿದ್ದೇನು? “ಗರಡಿ ಬಿಟ್ಟ ಹೊರಗ ನಡಿ!” ಅಂತ ಅವನನ್ನೇ ಗದರಿದೆ. ಹದಿನೆಂಟು ವರ್ಷದಲ್ಲಿ ನಾನು ಆ ಮಾತು ಆಡಿದ್ದು ಅದೊಂದೇ ಸಲ.

ಊರಿನವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡು ಅಂದರು, ಬಿಟ್ಟೆವು. ಜ್ವರ ಬಂತು. ಕೊಪ್ಪಳದ ದವಾಖಾನೆಗೆ ಬಂಡಿಯಲ್ಲಿ ಒಯ್ದಾಗ ಡಾಕ್ಟರರು, ಕಿವಿಯೊಳಗಿನ ಪರದೆ ಹರಿದಿದೆ, ಎಣ್ಣೆ ಬಿಟ್ಟವರು ಯಾರು ಅಂತ ಬೈದರು. ವಿರೂಪಣ್ಣ, ಇದೊಂದು ನೆನಪಿಡು: ಕಿವಿಗೆ ಪೆಟ್ಟು ಬಿದ್ದರೆ ಏನೂ ಬಿಡಬೇಡ, ಒಣ ಅರಳೆ ಮುಚ್ಚಿ ದವಾಖಾನೆಗೆ ಒಯ್ಯಿ. ಫಕೀರಪ್ಪನ ಎಡಗಿವಿ ಮತ್ತೆ ಕೇಳಲಿಲ್ಲ. ಗಂಗಾವತಿಗೆ ಹೋಗಿ ಜೋಡಿ ಮುರಿಯಿತು ಅಂತ ನಾನೇ ಹೇಳಿ ಬಂದೆ. ಅವರು ಚಹಾ ಕೊಟ್ಟರು. ಕುಡಿಯಲಾಗಲಿಲ್ಲ.

ಕಿವಿ ಕೇಳದಿದ್ದರೂ ಕುಸ್ತಿ ಆಡಬಹುದು. ಆಡಿದವರಿದ್ದಾರೆ. ಫಕೀರಪ್ಪ ಮಾತ್ರ ಗರಡಿಯ ಕಡೆ ಬರಲಿಲ್ಲ. ಎರಡು ತಿಂಗಳು ಕಾದು ಅವನನ್ನು ಹುಡುಕಿಕೊಂಡು ಹೋದೆ. ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬಿದ್ದ. ನಾನು ಅವನ ಎಡಕ್ಕೆ ಕುಳಿತೆ. ಅವನೇ ಎದ್ದು ಬಂದು ನನ್ನ ಎಡಕ್ಕೆ ಕುಳಿತ, ಬಲಗಿವಿ ನನ್ನ ಕಡೆ ಬರುವಂತೆ.

“ಬಾರೋ ತಮ್ಮಾ. ಕಣ ಬಿಕೋ ಅಂತೈತಿ,” ಅಂದೆ.

“ಒಲ್ಲೆ ವಸ್ತಾದರ.”

“ಯಮನಪ್ಪನ ಮ್ಯಾಲ ಸಿಟ್ಟೇನು?”

“ಇಲ್ರಿ. ಮೂರು ಸಲ ಬಿದ್ದಿದ್ದಕ್ಕ ಅಂವ ಹೊಡದ. ನಾ ಬಿದ್ದಿದ್ರ ನಾನೂ ಹೊಡೀತಿದ್ದೆ. ನೀವು ಮಾಡಿ ತೋರಿಸಿದಾಗಿಂದ ನನ್ನ ಕೈಯೂ ತುರಸ್ತಿತ್ರಿ. ಗಂಗಾವತಿಯೊಳಗ ಒಂದ ಸಲ ಹಂಗ ಬಾರಿಸಬೇಕಂತ ಮಾಡಿದ್ದೆ.” ಒಂದು ಕುರಿಮರಿ ಬಂದು ಅವನ ಮೊಣಕಾಲು ಮೂಸಿತು; ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡ. “ಆ ಕೈ ತಗೊಂಡ ಹೆಂಗ ಬರ್ಲಿ?”

ಅಲ್ಲಿಯೂ ತಟ್ಟೆಯ ಮಾತು ನನ್ನ ಬಾಯಿಗೆ ಬರಲಿಲ್ಲ. ಅವನು ಕೊಟ್ಟ ಕುರಿಹಾಲು ಕುಡಿದು ಎದ್ದು ಬಂದೆ.

ಯಮನಪ್ಪ ಅಣೆಕಟ್ಟಿನ ಕೆಲಸ ಸುರುವಾದ ಮೇಲೆ ಹೊಸಪೇಟೆ ಕಡೆ ಕಲ್ಲು ಒಡೆಯಲು ಹೋದ. ಉಗಾದಿಗೆ ಊರಿಗೆ ಬರುತ್ತಾನೆ. ಫಕೀರಪ್ಪ ಎದುರಿಗೆ ಬಂದರೆ ಓಣಿ ಬದಲಿಸುತ್ತಾನೆ.

ನಂತರದ ವರ್ಷಗಳಲ್ಲಿ ನಾನು ತಿಕೀಟಿನ ಕುಸ್ತಿಗೆ ಹೋಗಬೇಡಿ ಅಂದೆ. ಹುಡುಗರು ಕದ್ದು ಹೋದರು. ಬೈದೆ, ಗರಡಿಯ ಹಿಂದೆ ಹೋಗಿ ಬಡಿದಾಡಿದರು. ಹನ್ನೆರಡು ವರ್ಷದ ಪೋರರು ಪಟ್ಟು ಬಾರದ ಮೊದಲೇ ಕೈ ಹಿಂದಕ್ಕೆ ಒಯ್ಯುವುದನ್ನು ಕಲಿತರು. ಬೈದರೆ ಬಿಡುವುದಿಲ್ಲ, ವಿರೂಪಣ್ಣ. ನೋಡಿಬಂದದ್ದನ್ನು ನಿನ್ನ ಮುಂದೆಯೇ ಮಾಡಿ ತೋರಿಸಲಿ. ಆಮೇಲೆ ಸಪ್ಪಳ ಎಲ್ಲಿಂದ ಬರುತ್ತದೆ ಅಂತ ನೀನು ತೋರಿಸು. ನಿನ್ನ ತೊಡೆ ನೀನೇ ಬಡಿದುಕೋ. ನಗಲಿ. ಹೊಡೆದಾಟದ ಕಥೆ ಹೇಳಿದರೆ ಮರುದಿನ ಬೆಳಗಿನ ಮಂಡಕ್ಕಿಯ ತಟ್ಟೆಯವರೆಗೂ ಹೇಳು.

ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಅಂಗಳದಲ್ಲಿ, “ವಸ್ತಾದರ ಅದಾರೇನವ್ವಾ?” ಅಂತ ದನಿ ಕೇಳಿತು. ಫಕೀರಪ್ಪ. ಸಂತೆಗೆ ಕಂಬಳಿ ಮಾರಲು ಬಂದವನು, ಉಳಿದ ಎರಡು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ಆಗಾಗ ಹೀಗೆ ಬರುತ್ತಾನೆ. ಗರಡಿಯ ಮಾತು ಇಬ್ಬರೂ ಎತ್ತುವುದಿಲ್ಲ.

ಕಾಗದ ಮುಚ್ಚಿಡಬೇಕು ಅಂದುಕೊಂಡೆ. ಮುಚ್ಚಿಡಲಿಲ್ಲ. ಅವನ ಬಲಕ್ಕೆ ಕುಳಿತು ಮೊದಲಿನಿಂದ ಓದಿದೆ. ಖಾರಪುಡಿ ಬಂದಾಗ ಗಂಗವ್ವ ಒಲೆಯ ಮುಂದಿನಿಂದಲೇ, “ಅದನ್ನೂ ಬರದ್ರೇನು!” ಅಂದಳು. ಸ್ಟೇಶನ್ನಿನ ಬೇವಿನ ಮರದ ತನಕ ಬಂದಾಗ ನನ್ನ ದನಿ ಸಣ್ಣದಾಯಿತು. “ಜೋರ ಓದ್ರಿ,” ಅಂದ ಫಕೀರಪ್ಪ. ಜೋರಾಗಿ ಓದಿದೆ.

ಅವನು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

“ಒಂದ ತಟ್ಟಿಯೊಳಗೇನ್ರಿ?”

“ಹೌದು.”

“ಮೆಣಸಿನಕಾಯಿ ಸುದ್ಧಾ ಹಂಚಿಕೊಂಡ್ರು?”

“ಹೌದೋ.”

ನಕ್ಕ. ಕಂಬಳಿ ಜಾರಿ ಬೀಳುವಷ್ಟು ನಕ್ಕ. ನಂತರ ಮುಖ ಒರೆಸಿಕೊಂಡು ಕೇಳಿದ, “ಇದನ್ನ ಯಮನಪ್ಪಗ ಹೇಳೀರೇನು?”

“ಇಲ್ಲ.”

“ಅಯ್ಯ, ನನಗ ಯಾಕ ಓದಿದ್ರಿ ಮತ್ತ! ನನಗೇನು, ಒಂದು ಕಿವಿ. ಅಂವ ಇಷ್ಟ ವರ್ಷಾತು, ತಾನ ಕೆಟ್ಟವ ಅಂತ ತಿಳಕೊಂಡ ತಿರಗಾಕತ್ಯಾನ. ಹೊಡದ್ರ ಮನಿಷ್ಯಾ ಎದ್ದ ನಿಂದರ್ತಾನ ಅಂತ ಅವಗ ಹೇಳಿದಾವರು ಯಾರು? ಮೊದಲ ಅವಗ ಕಳಸ್ರಿ, ವಿರೂಪಣ್ಣಗ ಆಮ್ಯಾಲ.”

“ಬರದ ಕಳಸ್ತೀನಿ.”

“ಬರದ್ರ ಯಾರು ಓದಬೇಕು ಅವಗ? ಹೋಗ್ರಿ. ಮೊಣಕಾಲ ನೋವಂದ್ರ ನಾ ಕರಕೊಂಡ ಹೋಗ್ತೀನಿ. ನಾಳೆ ಭಾನಾಪುರಕ್ಕ ಬಂಡಿ ಐತಿ, ಅಲ್ಲಿಂದ ಹೊಸಪೇಟಿಗೆ ರೈಲು.”

“ನೀನೂ ಬರ್ತಿ?”

“ಒಂದ ಕಂಬಳಿ ಅವಗ ಕೊಡಬೇಕು,” ಅಂದ.

ಗರಡಿಗೆ ಬರುತ್ತೀಯಾ ಅಂತ ಕೇಳುವ ಆಸೆ ತುದಿನಾಲಿಗೆಯ ತನಕ ಬಂತು. ನುಂಗಿಕೊಂಡೆ. ಗಂಗವ್ವ ಆಗಲೇ ಗಂಗಾಳ ಇಟ್ಟಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಗುದ್ದಿದ ಉಳ್ಳಾಗಡ್ಡಿ. ಫಕೀರಪ್ಪ ಐದು ರೊಟ್ಟಿ ಉಂಡ, ನಾನು ಎರಡೂವರೆ. ಉಂಡ ಕೈ ತೊಳೆದು ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಬಲಕ್ಕೆ ಹೊರಳಿ ಮಲಗಿದ. ಆ ಹೆಗಲು ಇನ್ನೂ ಹಾಗೇ ಇವೆ, ಅಗಲ. “ನಾಳೆ ಎಷ್ಟೊತ್ತಿಗೆ ಹೊರಡೂಣು?” ಅಂದೆ. ಕೇಳುವ ಕಿವಿ ಕೆಳಗಾಗಿತ್ತು. ಅವನಿಗೆ ಮೊದಲು ನಿದ್ದೆ ಹತ್ತಿತು, ಆಮೇಲೆ ಒಲೆಯ ಬಳಿ ಗೋಡೆಗೆ ಒರಗಿದ್ದ ಗಂಗವ್ವನಿಗೆ. ನಾನು ಹುಣಸೆಹಣ್ಣಿಗೆ ಕಾಗೆ ಬಾರದಂತೆ ಬಾಗಿಲಲ್ಲಿ ಕುಳಿತಿದ್ದೆ.